ಬೆಳವಣಿಗೆಗೆ ಕೊನೆಯ ವಯಸ್ಸು ಯಾವುದು?

ಮನುಷ್ಯನು ಎಷ್ಟು ವಯಸ್ಸಿನವರೆಗೆ ಬೆಳೆಯುತ್ತಾನೆ? ಮೈಯ ಎತ್ತರವನ್ನು ಅಳೆಯುವುದಾದರೆ ಇಪ್ಪತ್ತರ ಸುಮಾರಿಗೆ ಲೆಕ್ಕ ಮುಗಿಯುತ್ತದೆ. ಮನಸ್ಸಿನ ಲೆಕ್ಕ ಅಷ್ಟು ಬೇಗ ಮುಗಿಯುವಂಥದಲ್ಲ. ಇನ್ನೊಬ್ಬರ ದುಗುಡವನ್ನು ಕೇಳುವುದನ್ನೇ ಕಾಯಕ ಮಾಡಿಕೊಂಡ ಆಪ್ತಸಮಾಲೋಚಕನು ಈ ಪ್ರಶ್ನೆಯನ್ನು ಬಿಟ್ಟು ಹೆಜ್ಜೆಯಿಡಲಾರ. ಆದುದರಿಂದಲೇ ಹುಟ್ಟಿನಿಂದ ಸಾವಿನವರೆಗಿನ ಬೆಳವಣಿಗೆಯ ಅಧ್ಯಯನವು ಅವನ ಶಿಕ್ಷಣದ ಮುಖ್ಯ ಭಾಗವಾಗಿದೆ. ಆ ಅಧ್ಯಯನ ನಮ್ಮವರೆಗೆ ನಡೆದು ಬಂದ ದಾರಿಯನ್ನು ಇಲ್ಲಿ ತುಸು ನೋಡೋಣ.

ಮನಶ್ಶಾಸ್ತ್ರವು ಬೆಳವಣಿಗೆಯೆಂದಾಗ ಮೊದಲು ಕಣ್ಣಿಟ್ಟದ್ದು ಮಗುವಿನ ಮೇಲೆ. 1905ರಲ್ಲಿ ಫ್ರಾನ್ಸಿನ ಬಿನೆ ಮತ್ತು ಸಿಮೋನ್ ಎಂಬುವರು, ಶಾಲೆಯಲ್ಲಿ ಹಿಂದುಳಿಯುವ ಮಕ್ಕಳನ್ನು ಗುರುತಿಸಲು ಬುದ್ಧಿಪರೀಕ್ಷೆಯೊಂದನ್ನು ರಚಿಸಿದರು. ಕನ್ನಡ ನಾಡಿನಲ್ಲಿ ಈ ಶಾಸ್ತ್ರಕ್ಕೆ ನೆಲೆ ದೊರೆತದ್ದು 1924ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರ ವಿಭಾಗದಿಂದ. ಅದನ್ನು ಕಟ್ಟಿದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರವನ್ನು ಆರಂಭಿಸಿದರೆಂಬುದನ್ನು ಬಾನುಲಿಯ ಕೇಳುಗರು ಕೃತಜ್ಞತೆಯಿಂದ ನೆನೆಯಬೇಕು.

ನಮ್ಮ ಭಾಗಕ್ಕೆ ಇನ್ನೂ ಹತ್ತಿರದ ಕೆಲಸ ಡಾ. ವಿ. ವಿ. ಕಾಮತರದು. ಆಗಿನ ಮುಂಬಯಿ ಪ್ರಾಂತದ ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ ಅವರು ಬಿನೆಯ ಪರೀಕ್ಷೆಯನ್ನು ಪರಿಷ್ಕರಿಸಿದರು. 1934ರಲ್ಲಿ ಅದರ ವಿವರಣೆ ಪ್ರಕಟವಾಯಿತು. 1940ರಲ್ಲಿ ಅದು ಪುಸ್ತಕವಾಯಿತು. ಪ್ರಶ್ನೆಗಳನ್ನು ಭಾಷಾಂತರಿಸಿದ ಮಾತ್ರಕ್ಕೆ ಇಂಥ ಕೆಲಸ ಮುಗಿಯುವುದಿಲ್ಲ. ಪ್ಯಾರಿಸ್ಸಿನ ಏಳು ವರ್ಷದ ಮಗುವಿಗೆ ಸುಲಭವಾದ ಪ್ರಶ್ನೆ ಇಲ್ಲಿಯ ಏಳು ವರ್ಷದ ಮಗುವಿಗೆ ಕಠಿಣವಾಗಬಹುದು. ಅಲ್ಲಿಯ ಕಠಿಣ ಪ್ರಶ್ನೆ ಇಲ್ಲಿ ಸುಲಭವಾಗಬಹುದು. ಪ್ರತಿಯೊಂದು ಪ್ರಶ್ನೆಯನ್ನೂ ಇಲ್ಲಿಯ ಮಕ್ಕಳ ಮುಂದಿಟ್ಟು, ಅದು ಯಾವ ವಯಸ್ಸಿಗೆ ಸಲ್ಲುವುದೆಂದು ಹೊಸದಾಗಿ ನಿರ್ಣಯಿಸಬೇಕು. ಮನೆಯೊಳಗೆ ಒಂದು ನುಡಿ, ಓಣಿಯಲ್ಲಿ ಇನ್ನೊಂದು ನುಡಿ ಕೇಳುವ ಬೆಳಗಾವಿಯವರಿಗೆ ಇದರ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಗುವಿನ ಅಳತೆ ಸಿಕ್ಕಿತು, ಹಿರಿಯರ ಪಾಡೇನು? ಅಮೆರಿಕದ ಸ್ಟ್ಯಾನ್ಲಿ ಹಾಲ್ 1904ರಲ್ಲಿ ಹದಿಹರೆಯವನ್ನು ಕುರಿತು ಬರೆದವರು, ತಾವೇ ವೃದ್ಧರಾದಾಗ, 1922ರಲ್ಲಿ, ಮುಪ್ಪನ್ನು ಕುರಿತು ಬರೆದರು. 1950ರಲ್ಲಿ ಎರಿಕ್ ಎರಿಕ್‌ಸನ್ ಇಡೀ ಬಾಳನ್ನು ಎಂಟು ಘಟ್ಟಗಳಾಗಿ ಕಂಡರು. ಒಂದೊಂದು ಘಟ್ಟಕ್ಕೂ ಅದರದೇ ಸೆಣಸಾಟವುಂಟು. ಹಸುಳೆ ಜಗತ್ತನ್ನು ನಂಬಬೇಕೋ ಬೇಡವೋ ಎಂದು ತೊಳಲುತ್ತದೆ; ಹದಿಹರೆಯವು 'ನಾನು ಯಾರು' ಎಂದು ಕೇಳುತ್ತದೆ; ಮುಪ್ಪು ತಾನು ಬಾಳಿದ ಬಾಳನ್ನು ಒಪ್ಪಿಕೊಳ್ಳಲು ಹೆಣಗುತ್ತದೆ. ಅವರ ಪತ್ನಿ ಜೋನ್ ಮತ್ತೂ ಒಂದು ಘಟ್ಟವನ್ನು, ತೀರ ಇಳಿವಯಸ್ಸಿನದನ್ನು, ಸೇರಿಸಿದರು. 1997ರಲ್ಲಿ ಅದು ಪ್ರಕಟವಾದಾಗ ಅವರಿಗೇ ತೊಂಬತ್ತು ದಾಟಿತ್ತು.

ಕನ್ನಡದಲ್ಲಿಯೂ ಮನಸ್ಸಿನ ವಿಚಾರ ಹಿಂದೆ ಬೀಳಲಿಲ್ಲ. 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪಿತವಾಯಿತು. ಇಂದಿನ ನಿಮ್ಹಾನ್ಸ್‌ನ ಮೂಲಗಳಲ್ಲಿ ಅದೊಂದು. 'ಕೊರವಂಜಿ'ಯ ನಗೆಗಾರ ರಾಶಿ, ಎಂದರೆ ಡಾ. ಎಂ. ಶಿವರಾಂ ಅವರ 'ಮನಮಂಥನ'ಕ್ಕೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು.

ನಮ್ಮಲ್ಲಿ ನಾಲ್ಕು ಆಶ್ರಮಗಳ ವಿಚಾರ ಮೊದಲೇ ಇತ್ತಲ್ಲ ಎಂದು ಕೆಲವರು ಕೇಳಬಹುದು. ಸುಧೀರ್ ಕಕ್ಕರ್ ಅದನ್ನು ಎರಿಕ್‌ಸನ್ನರ ಘಟ್ಟಗಳೊಡನೆ ಹೋಲಿಸಿ ನೋಡಿದ್ದಾರೆ. ಆದರೆ ಆಶ್ರಮಧರ್ಮವು ದ್ವಿಜ ಪುರುಷನಿಗೆ ವಿಧಿಸಿದ ಕರ್ತವ್ಯಕ್ರಮ. ಹೊಲಗೆಲಸದವನ ಬಾಳು ಅದರಲ್ಲಿ ಇಲ್ಲ. ಸೊಸೆಯಾಗಿ ಬಂದು ಅತ್ತೆಯಾಗಿ ಮುಗಿಯುವ ಹೆಣ್ಣಿನ ಬಾಳೂ ಇಲ್ಲ. ಎರಿಕ್‌ಸನ್ನರ ಹದಿಹರೆಯ ತನ್ನನ್ನು ಹುಡುಕಿಕೊಳ್ಳಲು ಕಾಲಾವಕಾಶ ಬೇಡುತ್ತದೆ. ಓದು ನಿಂತು ಮದುವೆಯ ಮಾತುಕತೆ ನಡೆದಿರುವ ಹುಡುಗಿಗೆ ಆ ಅವಕಾಶ ಎಲ್ಲಿದೆ?

ನಾನಿರುವ ಸದಾಶಿವನಗರದ ಮನೆಗೆ ಆಪ್ತಸಮಾಲೋಚನೆ ಕಲಿಯುವ ತರುಣರು ಪಾರಿಭಾಷಿಕ ಪದಗಳಿಗೆ ಕನ್ನಡ ಕೇಳುತ್ತ ಬರುವುದುಂಟು. ನಡುವಯಸ್ಸಿನ ಘಟ್ಟಕ್ಕೆ ಎರಿಕ್‌ಸನ್ನರು ಇಟ್ಟ ಹೆಸರು ಅವರನ್ನು ಬಹಳ ಕಾಡಿತು. ಮಕ್ಕಳನ್ನು ಹೆರುವುದಷ್ಟೇ ಅದರ ಅರ್ಥವಲ್ಲ. ಮುಂದಿನವರಿಗಾಗಿ ಏನನ್ನಾದರೂ ಪೋಷಿಸಿ ಬಿಟ್ಟುಹೋಗುವುದು. ಖಾನಾಪುರದ ಕಡೆ ಅರವತ್ತರ ರೈತನೊಬ್ಬ ಹಲಸಿನ ಸಸಿ ನೆಡುತ್ತಾನಲ್ಲ, ಅದೇ ಅದು, ಎಂದೆ. ಅವರಿಗೆ ಕೂಡಲೆ ತಿಳಿಯಿತು.

ಅದೇ ರೈತ ಹೊಲವನ್ನು ಮಕ್ಕಳಿಗೆ ಒಪ್ಪಿಸಿ, ಮಾತು ಬಿಟ್ಟು ಮೂಲೆ ಹಿಡಿದನೆನ್ನಿ. ಬಾಲ್ಯವನ್ನಷ್ಟೇ ಓದಿದ ಸಮಾಲೋಚಕ ಅವನ ಬಾಲ್ಯವನ್ನು ಕೆದಕುತ್ತಾನೆ. ಏನನ್ನೂ ಓದದವನು, ವಯಸ್ಸಾಯಿತು, ಇನ್ನು ದೇವರ ಧ್ಯಾನ ಮಾಡು, ಎನ್ನುತ್ತಾನೆ. ಇಡೀ ಬಾಳನ್ನು ಓದಿದವನು, ಆ ಮೌನ ಖಿನ್ನತೆಯ ರೋಗವಾಗಿರಬಹುದೆಂದು ಮೊದಲು ವೈದ್ಯರಿಗೆ ತೋರಿಸುತ್ತಾನೆ. ಆ ಬಳಿಕ, 'ಯಜಮಾನರೆ, ನಿಮಗೆ ಗೊತ್ತಿರುವುದನ್ನು ಈಗ ಯಾರಿಗೆ ಕಲಿಸುತ್ತಿದ್ದೀರಿ?' ಎಂದು ಕೇಳುತ್ತಾನೆ. ಮುಪ್ಪಿನಲ್ಲಿ ನಷ್ಟವಷ್ಟೇ ಅಲ್ಲ, ಗಳಿಕೆಯೂ ಉಂಟೆಂದು ಜರ್ಮನಿಯ ಪಾಲ್ ಬಾಲ್ಟಿಸ್ ಹೇಳಿದುದರ ತಾತ್ಪರ್ಯ ಇಂಥ ಒಂದು ಪ್ರಶ್ನೆಯಲ್ಲಿ ಅಡಗಿದೆ.

ಕಾಮತರು ಮಗುವಿಗೆ ತೋರಿದ ಮರ್ಯಾದೆಯನ್ನು ನಾವು ಸೊಸೆಗೂ ರೈತನಿಗೂ ವೃದ್ಧೆಗೂ ತೋರಬೇಕಾಗಿದೆ. ಘಟ್ಟಗಳ ಹೆಸರನ್ನು ಬಾಯಿಪಾಠ ಮಾಡಿದರೆ ಸಾಲದು. ಎದುರಿಗೆ ಕುಳಿತವರ ಬಾಳಿನೊಡನೆ ಅವನ್ನು ಒರೆಹಚ್ಚಿ ನೋಡಬೇಕು. ಹೊಂದದಿದ್ದರೆ ಪುಸ್ತಕವನ್ನು ತಿದ್ದಬೇಕು.