ಕ್ಯಾಪ್ಟನ್ ಅಬ್ಬಾಸ್ ಅಲಿ: ಮರಣದಂಡನೆಯ ನಂತರದ ಸುದೀರ್ಘ ಬದುಕು

ಆಜಾದ್ ಹಿಂದ್ ಫೌಜ್ ಎಂದೊಡನೆ ನಮ್ಮ ವಿದ್ಯಾರ್ಥಿಗಳಿಗೆ ನೆನಪಾಗುವುದು ನೇತಾಜಿ ಸುಭಾಷ್‌ಚಂದ್ರ ಬೋಸರ ಹೆಸರು. ಇತಿಹಾಸದಲ್ಲಿ ಆಸಕ್ತಿಯುಳ್ಳವರಾದರೆ ಕೆಂಪುಕೋಟೆಯ ವಿಚಾರಣೆಯನ್ನು ಎದುರಿಸಿದ ಶಾ ನವಾಜ್ ಖಾನ್, ಸೆಹಗಲ್, ಧಿಲ್ಲೋನ್ ಅವರ ಹೆಸರನ್ನೂ ಹೇಳಿಯಾರು. ಆದರೆ ಆ ಸೈನ್ಯದಲ್ಲಿದ್ದು, ಬಳಿಕ ಸ್ವತಂತ್ರ ಭಾರತದಲ್ಲಿ ಆರು ದಶಕಗಳಿಗೂ ಹೆಚ್ಚು ಕಾಲ ಬದುಕಿದ ಯೋಧರೊಬ್ಬರು ಆ ವರ್ಷಗಳಲ್ಲಿ ಏನು ಮಾಡಿದರು ಎಂಬುದನ್ನು ಕೇಳುವವರು ವಿರಳ. ಕ್ಯಾಪ್ಟನ್ ಅಬ್ಬಾಸ್ ಅಲಿಯವರ ಜೀವನ ಈ ಪ್ರಶ್ನೆಗೆ ಒಂದು ಉತ್ತರ.

ಅವರು ಹುಟ್ಟಿದ್ದು 1920ರ ಜನವರಿ 3ರಂದು, ಉತ್ತರ ಪ್ರದೇಶದ ಬುಲಂದ್‌ಶಹರ್ ಜಿಲ್ಲೆಯ ಖುರ್ಜಾ ಬಳಿಯ ಹಳ್ಳಿಯೊಂದರಲ್ಲಿ. 1857ರ ದಂಗೆಯ ನೆನಪು ಇನ್ನೂ ಆರದ ಪ್ರದೇಶ ಅದು. ಭಗತ್‌ ಸಿಂಗರನ್ನು ಗಲ್ಲಿಗೇರಿಸಿದಾಗ ಅಬ್ಬಾಸ್ ಅಲಿಯವರಿಗೆ ಹನ್ನೊಂದು ವರ್ಷ. ಆ ಬಲಿದಾನ ಬಾಲಕನ ಮನಸ್ಸನ್ನು ಆಳವಾಗಿ ತಟ್ಟಿತು. ಮುಂದೆ ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯಕ್ಕೆ ಸೇರಿದಾಗ ಇತಿಹಾಸಕಾರ ಕುಂವರ್ ಮುಹಮ್ಮದ್ ಅಶ್ರಫ್ ಅವರ ಸಂಪರ್ಕ ಒದಗಿತು. ವಿದ್ಯಾರ್ಥಿ ಚಳವಳಿಯ ನಂಟೂ ಬೆಳೆಯಿತು. ಅಲೀಗಢವೆಂದರೆ ಒಂದೇ ರಾಜಕೀಯ ಎಂದು ಭಾವಿಸುವವರು ಈ ಸಂಗತಿಯನ್ನು ಗಮನಿಸಬೇಕು.

ಎರಡನೇ ಮಹಾಯುದ್ಧ ಆರಂಭವಾದ 1939ರಲ್ಲಿ ಅವರು ಬ್ರಿಟಿಷ್ ಭಾರತೀಯ ಸೈನ್ಯ ಸೇರಿದರು. ಮುಂದೆ ನೇತಾಜಿಯವರ ಕರೆಗೆ ಓಗೊಟ್ಟು ಆಜಾದ್ ಹಿಂದ್ ಫೌಜಿನ ಪಾಳೆಯಕ್ಕೆ ಬಂದರು. 1945ರಲ್ಲಿ ಜಪಾನ್ ಶರಣಾದ ಮೇಲೆ ಆ ಸೈನ್ಯದ ಕಥೆಯೂ ಮುಗಿಯಿತು. ಅಬ್ಬಾಸ್ ಅಲಿಯವರು ಸೆರೆಯಾದರು, ಕೋರ್ಟ್ ಮಾರ್ಷಲ್ ನಡೆಯಿತು, ಮರಣದಂಡನೆಯ ತೀರ್ಪು ಬಂತು. ಆಗ ಅವರಿಗೆ ಇಪ್ಪತ್ತಾರು ವರ್ಷದ ಆಸುಪಾಸು. ಅಷ್ಟರಲ್ಲಿ ದೇಶದ ಗಾಳಿ ಬದಲಾಗಿತ್ತು. ಫೌಜಿನ ಕ್ಯಾಪ್ಟನ್ ಅಬ್ದುಲ್ ರಶೀದ್ ಅವರಿಗೆ ವಿಧಿಸಿದ ಶಿಕ್ಷೆಯ ವಿರುದ್ಧ 1946ರ ಫೆಬ್ರವರಿಯಲ್ಲಿ ಕಲ್ಕತ್ತೆಯ ಬೀದಿಗಳಲ್ಲಿ ಹಿಂದೂ ಮುಸ್ಲಿಂ ವಿದ್ಯಾರ್ಥಿಗಳು ಒಟ್ಟಾಗಿ ನಿಂತಿದ್ದರು. ಸ್ವಾತಂತ್ರ್ಯ ಹತ್ತಿರವಾದಂತೆ ಅಬ್ಬಾಸ್ ಅಲಿಯವರಿಗೂ ಬಿಡುಗಡೆ ದೊರೆಯಿತು.

ಆದರೆ ಸ್ವತಂತ್ರ ಭಾರತ ಆಜಾದ್ ಹಿಂದ್ ಫೌಜಿನ ಯೋಧರನ್ನು ತನ್ನ ಸೈನ್ಯಕ್ಕೆ ಮರಳಿ ಸೇರಿಸಿಕೊಳ್ಳಲಿಲ್ಲ. ಸಿಪಾಯಿಯ ಬದುಕು ಅಲ್ಲಿಗೆ ಮುಗಿಯಿತು. 1948ರಲ್ಲಿ ಅವರು ಆಚಾರ್ಯ ನರೇಂದ್ರ ದೇವ, ಜಯಪ್ರಕಾಶ್ ನಾರಾಯಣ್, ಲೋಹಿಯಾ ಅವರಿದ್ದ ಸೋಷಲಿಸ್ಟ್ ಪಕ್ಷ ಸೇರಿದರು. ನಮ್ಮ ನಾಡಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರ ಸತ್ಯಾಗ್ರಹಕ್ಕೆ ಬೆಂಬಲವಾಗಿ ನಿಂತದ್ದೂ ಇದೇ ಪಕ್ಷ.

ಮುಂದಿನ ದಶಕಗಳಲ್ಲಿ ಚಳವಳಿ, ಬಂಧನ, ಬಿಡುಗಡೆ, ಮತ್ತೆ ಚಳವಳಿ. ಸ್ವತಂತ್ರ ಭಾರತದಲ್ಲಿ ಅವರು ಐವತ್ತಕ್ಕೂ ಹೆಚ್ಚು ಸಲ ಬಂಧನಕ್ಕೊಳಗಾದರೆಂದು ಹೇಳಲಾಗುತ್ತದೆ. ಯಾವ ದೇಶಕ್ಕಾಗಿ ಗಲ್ಲಿಗೇರಲು ಸಿದ್ಧರಾಗಿದ್ದರೋ ಆ ದೇಶದ ಸರಕಾರವೇ ತುರ್ತು ಪರಿಸ್ಥಿತಿಯಲ್ಲಿ ಅವರನ್ನು ಹತ್ತೊಂಬತ್ತು ತಿಂಗಳು ಸೆರೆಯಲ್ಲಿಟ್ಟಿತು. ಆಗ ಅವರ ವಯಸ್ಸು ಐವತ್ತೈದು ದಾಟಿತ್ತು. ಬ್ರಿಟಿಷರ ಸೆರೆಯನ್ನು ಸಹಿಸುವುದಕ್ಕಿಂತ ಇದು ಕಠಿಣವಾಗಿದ್ದಿರಬೇಕು ಎಂದು ನನಗನಿಸುತ್ತದೆ.

ಸೆರೆಯಿಂದ ಬಂದ ಮೇಲೆ, 1977ರಲ್ಲಿ, ಉತ್ತರ ಪ್ರದೇಶ ಜನತಾ ಪಕ್ಷದ ಮೊದಲ ಅಧ್ಯಕ್ಷರಾದರು. ಮರುವರ್ಷ ವಿಧಾನ ಪರಿಷತ್ತಿಗೆ ಆಯ್ಕೆಯಾಗಿ ಆರು ವರ್ಷ ಸದಸ್ಯರಾಗಿದ್ದರು. ರಾಜ್ಯದ ಸುನ್ನಿ ವಕ್ಫ್ ಮಂಡಳಿಯಲ್ಲೂ ಸೇವೆ ಸಲ್ಲಿಸಿದರು.

ಎಂಬತ್ತೊಂಬತ್ತರ ವಯಸ್ಸಿನಲ್ಲಿ, 2009ರಲ್ಲಿ, ಅವರ ಆತ್ಮಕಥೆ ಪ್ರಕಟವಾಯಿತು. ಹೆಸರು ‘ನ ರಹೂಂ ಕಿಸೀ ಕಾ ದಸ್ತ್‌ನಿಗರ್’. ‘ದಸ್ತ್’ ಎಂದರೆ ಕೈ. ದಸ್ತ್‌ನಿಗರ್ ಎಂದರೆ ಇನ್ನೊಬ್ಬರ ಕೈ ನೋಡುವವನು, ಹಂಗಿನವನು. ಯಾರ ಹಂಗಿನಲ್ಲೂ ಇರದಿರಲಿ ಎಂಬುದು ಅವರ ಬಯಕೆ.

ತಾವು ವಿದ್ಯಾರ್ಥಿಯಾಗಿದ್ದ ಅದೇ ಅಲೀಗಢದಲ್ಲಿ 2014ರ ಅಕ್ಟೋಬರ್ 11ರಂದು ಕ್ಯಾಪ್ಟನ್ ಸಾಹೇಬರು ನಿಧನರಾದರು. ಆಗ ಅವರಿಗೆ 94 ವರ್ಷ.