ಸೊಂಟದ ಮೇಲಿನ ಯಂತ್ರ, ಊಟದ ಹೊತ್ತು

ಇನ್ಸುಲಿನ್‌ನ ಕಥೆ ಹೇಳುವವರು ಸಾಮಾನ್ಯವಾಗಿ ಟೊರೊಂಟೊದಲ್ಲಿ ಶುರುಮಾಡಿ ಅಲ್ಲಿಯೇ ಮುಗಿಸಿಬಿಡುತ್ತಾರೆ. 1922ರ ಜನವರಿ 11ರಂದು ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಚುಚ್ಚುಮದ್ದು ಕೊಟ್ಟರು. ಅದು ಅಷ್ಟಾಗಿ ಫಲಿಸಲಿಲ್ಲ. ಕಾಲಿಪ್ ಶುದ್ಧಮಾಡಿದ ಮದ್ದನ್ನು 23ರಂದು ಕೊಟ್ಟಾಗ ರಕ್ತದ ಸಕ್ಕರೆ ಇಳಿಯಿತು. ಮರುವರ್ಷ ಬ್ಯಾಂಟಿಂಗ್ ಮತ್ತು ಮೆಕ್ಲಿಯಡ್ ಅವರಿಗೆ ನೊಬೆಲ್ ಬಂತು. ಸಾಯುವುದೇ ಗತಿಯಾಗಿದ್ದ ಮಕ್ಕಳು ಬದುಕಿದರು. ಆದರೆ ಬದುಕಿದ ಮೇಲೆ ಅವರ ದಿನಗಳು ಹೇಗೆ ಕಳೆದವು? ಊಟ ಒಂದು ಗಂಟೆ ತಡವಾದರೆ ಏನಾಗುತ್ತಿತ್ತು? ಈ ಪ್ರಶ್ನೆಯನ್ನು ಹಿಡಿದು ಹೊರಟರೆ ಇನ್ಸುಲಿನ್ ಪಂಪ್ ಯಾಕೆ ಬೇಕಾಯಿತು ಎನ್ನುವುದು ತಾನಾಗಿ ತಿಳಿಯುತ್ತದೆ.

ಮೊದಮೊದಲ ಇನ್ಸುಲಿನ್ ಕೆಲವು ಗಂಟೆಗಳಷ್ಟೇ ಕೆಲಸ ಮಾಡುತ್ತಿತ್ತು. ಗಾಜಿನ ಸಿರಿಂಜನ್ನು ಕುದಿಸಿ, ಮೊಂಡಾದ ಸೂಜಿಯನ್ನು ಕಲ್ಲಿನ ಮೇಲೆ ಮಸೆದು, ದಿನಕ್ಕೆ ಹಲವು ಸಲ ಚುಚ್ಚಿಕೊಳ್ಳಬೇಕಿತ್ತು. 1936ರಲ್ಲಿ ಡೆನ್ಮಾರ್ಕಿನ ಹಾಗೆಡಾರ್ನ್, ಮೀನಿನಿಂದ ತೆಗೆದ ಪ್ರೋಟಮೀನ್ ಎಂಬ ವಸ್ತುವನ್ನು ಬೆರೆಸಿ ನಿಧಾನವಾಗಿ ಕರಗುವ ಇನ್ಸುಲಿನ್ ತಯಾರಿಸಿದ. ಚುಚ್ಚುವಿಕೆ ಕಡಿಮೆಯಾಯಿತು, ಜನ ನಿಟ್ಟುಸಿರು ಬಿಟ್ಟರು. ಬೆಲೆ ತೆತ್ತದ್ದು ಬೇರೆ ಕಡೆ. ಬೆಳಿಗ್ಗೆ ಒಳಗೆ ಹೋದ ಮದ್ದು ತನ್ನ ಪಾಡಿಗೆ ತಾನು ಕರಗುತ್ತದೆ. ನೀವು ಉಂಡಿರಿ ಬಿಡಿ, ಹೊತ್ತಿಗೆ ಸರಿಯಾಗಿ ಸಕ್ಕರೆಯನ್ನು ಕೆಳಗೆಳೆಯುತ್ತದೆ. ಹಾಗಾಗಿ ಹಸಿವಿಲ್ಲದಿದ್ದರೂ ಉಣ್ಣಬೇಕು. ಬಸ್ಸು ಕೆಟ್ಟು ನಿಂತರೆ, ಮದುವೆಮನೆಯಲ್ಲಿ ಪಂಕ್ತಿ ತಡವಾದರೆ ಕೈಕಾಲು ನಡುಗಿ ಬೆವರು ಕಿತ್ತುಕೊಳ್ಳುತ್ತದೆ. ಮನುಷ್ಯನ ದಿನಚರಿಗೆ ಮದ್ದು ಹೊಂದಿಕೊಳ್ಳಲಿಲ್ಲ, ಮದ್ದಿನ ಗಡಿಯಾರಕ್ಕೆ ಮನುಷ್ಯ ಹೊಂದಿಕೊಂಡ. ಈ ವ್ಯವಸ್ಥೆ ದಶಕಗಟ್ಟಲೆ ನಡೆಯಿತು.

ಆರೋಗ್ಯವಂತನ ಮೇದೋಜೀರಕ ಗ್ರಂಥಿ ಹೀಗೆ ನಡೆದುಕೊಳ್ಳುವುದಿಲ್ಲ. ಉಪವಾಸದಲ್ಲೂ ನಿದ್ದೆಯಲ್ಲೂ ಹನಿಹನಿಯಾಗಿ ಇನ್ಸುಲಿನ್ ಬಿಡುತ್ತಿರುತ್ತದೆ, ಊಟ ಬಿದ್ದಾಗ ಧಾರಾಳವಾಗಿ ಸುರಿಯುತ್ತದೆ. ಇದನ್ನು ಯಂತ್ರದಿಂದ ಮಾಡಿಸಬಹುದೇ ಎಂದು 1960ರ ದಶಕದ ಆರಂಭದಲ್ಲಿ ಲಾಸ್ ಏಂಜಲೀಸಿನ ವೈದ್ಯ ಆರ್ನಾಲ್ಡ್ ಕಡಿಶ್ ಪ್ರಯತ್ನಿಸಿದ. ಅವನ ಯಂತ್ರ ಬೆನ್ನಿಗೆ ಹೊರುವ ಚೀಲದಷ್ಟು ದೊಡ್ಡದು. ಅದನ್ನು ಹೊತ್ತು ಯಾರು ತಾನೇ ಕಚೇರಿಗೆ ಹೋದಾರು? 1970ರ ದಶಕದಲ್ಲಿ ಬಂದ ಬಯೋಸ್ಟೇಟರ್ ರಕ್ತವನ್ನು ಅಳೆದು ತಾನೇ ಮದ್ದು ಕೊಡುತ್ತಿತ್ತು, ಆದರೆ ರೋಗಿ ಅದರ ಪಕ್ಕದ ಮಂಚ ಬಿಟ್ಟು ಏಳುವಂತಿರಲಿಲ್ಲ.

ದಾರಿ ತೆರೆದದ್ದು ಒಂದು ದಡ್ಡ ಯಂತ್ರ. ಲಂಡನ್ನಿನ ಗೈಸ್ ಆಸ್ಪತ್ರೆಯ ಜಾನ್ ಪಿಕಪ್, ಹ್ಯಾರಿ ಕೀನ್ ಮತ್ತು ಸಂಗಡಿಗರು, ಮಿಲ್ ಹಿಲ್‌ನ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡಿದ್ದ ಪುಟ್ಟ ಸಿರಿಂಜ್ ಪಂಪನ್ನು ಬಳಸಿ, ಚರ್ಮದಡಿ ಸದಾ ಇನ್ಸುಲಿನ್ ಹರಿಸಿದ ಫಲಿತಾಂಶವನ್ನು 1978ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಆ ಪಂಪು ಸಕ್ಕರೆ ಅಳೆಯುತ್ತಿರಲಿಲ್ಲ, ಯೋಚಿಸುತ್ತಿರಲಿಲ್ಲ. ಮಾಮೂಲಿ ಹೊತ್ತಿನಲ್ಲಿ ನಿಧಾನ, ಊಟಕ್ಕೆ ಮುಂಚೆ ಜೋರು, ಅಷ್ಟೇ. ಬುದ್ಧಿಯನ್ನೆಲ್ಲ ರೋಗಿಗೇ ಬಿಟ್ಟಿತು. ಇದರ ಹೆಚ್ಚುಗಾರಿಕೆ ಇರುವುದು ಇಲ್ಲಿಯೇ ಎಂದು ನನ್ನ ಎಣಿಕೆ: ಊಟದ ಹೊತ್ತು ಮತ್ತೆ ಉಣ್ಣುವವನ ಕೈಗೆ ಬಂತು.

ಅದೇ ಹೊತ್ತಿಗೆ ಅಮೆರಿಕದಲ್ಲಿ ಡೀನ್ ಕೇಮನ್ (ಮುಂದೆ ಸೆಗ್‌ವೇ ಗಾಡಿ ಮಾಡಿದವನೂ ಇವನೇ) ತಯಾರಿಸಿದ ಪಂಪುಗಳು ಬಂದವು. ಅದರಲ್ಲೊಂದಕ್ಕೆ ಬಳಸುವವರೇ ಇಟ್ಟ ಅಡ್ಡಹೆಸರು ‘ದೊಡ್ಡ ನೀಲಿ ಇಟ್ಟಿಗೆ’. ಮದ್ದಿನ ಪ್ರಮಾಣ ಬದಲಿಸಲು ಸ್ಕ್ರೂಡ್ರೈವರ್ ಬೇಕಿತ್ತು.

ಇಟ್ಟಿಗೆ ಕಟ್ಟಿಕೊಂಡು ಮನೆಗೆ ಮರಳಿದವರಿಗೆ ಹೊಸ ಪಾಠಗಳು ಕಾದಿದ್ದವು. ಮಲಗುವಾಗ ಅದನ್ನು ಎಲ್ಲಿಡುವುದು? ಸ್ನಾನಕ್ಕೆ ಕಳಚಿದರೆ ಎಷ್ಟು ಹೊತ್ತು ಬಿಡಬಹುದು? ಬಾಗಿಲ ಹಿಡಿಗೆ ಕೊಳವೆ ಸಿಕ್ಕಿಕೊಂಡರೆ? ಎರಡು ಮೂರು ದಿನಕ್ಕೊಮ್ಮೆ ಹೊಟ್ಟೆಯ ಮೇಲೆ ಹೊಸ ಜಾಗ ಹುಡುಕಿ ಕೊಳವೆಯ ತುದಿ ಕೂರಿಸಬೇಕು. ಇವು ರೂಢಿಯಾಗುತ್ತವೆ. ರೂಢಿಯಾಗಲೇಬಾರದ ಅಪಾಯ ಇನ್ನೊಂದಿದೆ. ಹಳೆಯ ವಿಧಾನದಲ್ಲಿ ನಿಧಾನವಾಗಿ ಕರಗುವ ಮದ್ದಿನ ದಾಸ್ತಾನು ಚರ್ಮದಡಿ ಇರುತ್ತಿತ್ತು. ಪಂಪಿನಲ್ಲಿ ಹರಿಯುವುದು ಬೇಗ ಕರಗುವ ಇನ್ಸುಲಿನ್ ಮಾತ್ರ. ಕೊಳವೆ ಮಡಚಿಕೊಂಡರೆ, ಕಟ್ಟಿಕೊಂಡರೆ, ಕೆಲವೇ ಗಂಟೆಗಳಲ್ಲಿ ರಕ್ತದಲ್ಲಿ ಕೀಟೋನ್ ಆಮ್ಲ ಏರಿ ಜೀವಕ್ಕೆ ಕುತ್ತು ಬರಬಹುದು. ಪಂಪ್ ಧರಿಸಿದವರಲ್ಲಿ ಕೆಲವರು ತೀರಿಕೊಂಡಾಗ ಅಮೆರಿಕದ ರೋಗ ನಿಯಂತ್ರಣ ಕೇಂದ್ರ 1982ರಲ್ಲಿ ಆ ಸಾವುಗಳನ್ನು ಪರಿಶೀಲಿಸಬೇಕಾಯಿತು. ಮನೆಯಲ್ಲೇ ಬೆರಳು ಚುಚ್ಚಿ ಸಕ್ಕರೆ ನೋಡಿಕೊಳ್ಳುವ ಪುಟ್ಟ ಮೀಟರು ಆ ವರ್ಷಗಳಲ್ಲೇ ಬಳಕೆಗೆ ಬಾರದೆ ಇದ್ದಿದ್ದರೆ ಪಂಪಿನ ಕಥೆ ಅಲ್ಲಿಗೇ ನಿಲ್ಲುತ್ತಿತ್ತೇನೋ.

ಇಷ್ಟೆಲ್ಲ ಪಾಡು ಯಾಕೆ ಎಂಬುದಕ್ಕೆ ಗಟ್ಟಿ ಉತ್ತರ ಬಂದದ್ದು 1993ರಲ್ಲಿ. ಅಮೆರಿಕ ಮತ್ತು ಕೆನಡಾದ 1,441 ಜನರನ್ನು ಸರಾಸರಿ ಆರೂವರೆ ವರ್ಷ ಅಧ್ಯಯನ ಮಾಡಿದ ಡಿಸಿಸಿಟಿ, ಪಂಪು ಅಥವಾ ದಿನಕ್ಕೆ ಮೂರು ಇಲ್ಲವೇ ಹೆಚ್ಚು ಚುಚ್ಚುಮದ್ದಿನಿಂದ ಸಕ್ಕರೆಯನ್ನು ಬಿಗಿಯಾಗಿ ಹಿಡಿದಿಟ್ಟವರಲ್ಲಿ ಕಣ್ಣು, ಮೂತ್ರಪಿಂಡ, ನರಗಳ ಹಾನಿ ಬಹಳ ಕಡಿಮೆಯೆಂದು ತೋರಿಸಿತು. ಸಕ್ಕರೆ ತೀರಾ ಕುಸಿದು ಇನ್ನೊಬ್ಬರ ನೆರವು ಬೇಕಾಗುವ ಪ್ರಸಂಗಗಳು ಸುಮಾರು ಮೂರು ಪಟ್ಟಾದವು ಎಂಬುದನ್ನೂ ಅದೇ ಅಧ್ಯಯನ ಹೇಳಿತು.

ಇನ್ನು ಜನರ ಕಣ್ಣು. 1999ರ ಮಿಸ್ ಅಮೆರಿಕ ನಿಕೋಲ್ ಜಾನ್ಸನ್ ಪಂಪ್ ಬಳಸುತ್ತಿದ್ದಳು. ಅವಳಿಂದ ಧೈರ್ಯ ತಂದುಕೊಂಡ ಸಿಯೆರಾ ಸ್ಯಾಂಡಿಸನ್ 2014ರಲ್ಲಿ ಮಿಸ್ ಐಡಹೊ ಸ್ಪರ್ಧೆಯ ಈಜುಡುಗೆಗೆ ಪಂಪನ್ನು ಎಲ್ಲರಿಗೂ ಕಾಣುವಂತೆ ಸಿಕ್ಕಿಸಿಕೊಂಡು ವೇದಿಕೆಗೆ ಬಂದಳು, ಗೆದ್ದಳು ಕೂಡ. ಆಮೇಲೆ ಎಷ್ಟೋ ಜನ ತಮ್ಮ ಪಂಪಿನ ಚಿತ್ರಗಳನ್ನು ಹಾಕಿದರು. ನಮ್ಮಲ್ಲಿ ‘ಸಣ್ಣ ವಯಸ್ಸಿಗೇ ಸಕ್ಕರೆ ಕಾಯಿಲೆಯಾ’ ಎಂಬ ಪ್ರಶ್ನೆಗೆ ಹೆದರಿ ಮಗಳ ಕಾಯಿಲೆಯನ್ನೇ ಮುಚ್ಚಿಡುವ ಮನೆಗಳಿವೆ. ಜೇಬಿಲ್ಲದ ಸೀರೆಯಲ್ಲಿ ಯಂತ್ರವನ್ನು ಎಲ್ಲಿ ಸಿಕ್ಕಿಸುವುದು ಎಂಬುದು ಆ ಮೇಲಿನ ಮಾತು. ಅದಕ್ಕೂ ಮೊದಲು ಬೆಲೆ ಅಡ್ಡ ಬರುತ್ತದೆ. ಪಂಪಿನದು ಲಕ್ಷಗಳ ಲೆಕ್ಕ, ಮೇಲೆ ಪ್ರತಿ ತಿಂಗಳೂ ಕೊಳವೆಗಳ ಖರ್ಚು.

2016ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟ ಪಂಪು ಚರ್ಮದಡಿಯ ಸಂವೇದಕದಿಂದ ಸಕ್ಕರೆಯ ಸುದ್ದಿ ಪಡೆದು, ಹನಿಯ ವೇಗವನ್ನು ತಾನೇ ಹೆಚ್ಚು ಕಡಿಮೆ ಮಾಡುತ್ತದೆ. ಮಂಚದ ಪಕ್ಕದ ಬಯೋಸ್ಟೇಟರಿನ ಕೆಲಸ ಈಗ ಸೊಂಟಕ್ಕೆ ಬಂದಿದೆ. ಆದರೂ ತಟ್ಟೆಯ ಮುಂದೆ ಕೂತವರು ಲೆಕ್ಕ ಹಾಕಿ ಅದಕ್ಕೆ ತಿಳಿಸಬೇಕು: ಒಂದು ಮುದ್ದೆ, ಒಂದು ಹಿಡಿ ಅನ್ನ, ಯಾರಾದರೂ ಒತ್ತಾಯ ಮಾಡಿ ಬಡಿಸಿದ್ದರೆ ಅರ್ಧ ಒಬ್ಬಟ್ಟು.