ಚಲಚ್ಚಿತ್ರಕಲೆಯಲ್ಲಿ ಗುರುಶಿಷ್ಯ ಪರಂಪರೆ

ಆಳಂದದ ಕಡೆಯಿಂದ ಹರಿದು ಬರುವ ಅಮರ್ಜೆಯು ಅಫಜಲಪುರ ತಾಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಕೂಡುವುದು. ಹಾಗೆ ಕೂಡಿದ ನೀರು ಮುಂದೆ ಜೇವರ್ಗಿಯ ಎರೆಹೊಲಗಳ ಸೀಮೆಯನ್ನು ಮುಟ್ಟುವುದು. ಈ ಮೂರು ತಾಲೂಕುಗಳ ತರುಣರು ವಿದ್ಯೆಗಾಗಿ ಊರು ಬಿಡುವುದು ಹೊಸ ಸಂಗತಿಯಲ್ಲ. ೧೯೪೮ರ ಸಪ್ಟೆಂಬರದವರೆಗೆ ಈ ಸೀಮೆಯು ನಿಜಾಮರ ಆಳಿಕೆಯಲ್ಲಿದ್ದು, ಶಾಲೆಗಳಲ್ಲಿ ಉರ್ದುವಿಗೇ ಅಗ್ರಸ್ಥಾನವಿದ್ದ ಕಾಲದಲ್ಲಿ, ಕನ್ನಡದ ಓದನ್ನು ಬಯಸಿದವನು ಗಡಿಯಾಚೆಯ ವಿಜಾಪುರ, ಧಾರವಾಡಗಳ ಕಡೆಗೆ ನೋಡಬೇಕಾಗುತ್ತಿತ್ತು. ಇಂದು ಅಂಥ ಮನೆತನಗಳ ಮಕ್ಕಳ ಕೈಯಲ್ಲಿರುವ ಮೊಬೈಲಿನಲ್ಲಿಯೇ ಚಿತ್ರ ತೆಗೆಯುವ ಯಂತ್ರವೂ ಅಡಗಿದೆ. ಯಂತ್ರವೇನೋ ಮನೆಗೆ ಬಂದಿತು. ವಿದ್ಯೆಯು ಅದರ ಜೊತೆಗೆ ಬಂದಿತೆಂದು ಹೇಳುವಂತಿಲ್ಲ. ಕಾಲೇಜಿನ ತರುಣನು ಹತ್ತು ನಿಮಿಷಗಳ ಚಿತ್ರವೊಂದನ್ನು ಯೋಜಿಸುವಾಗ ತಾನು ಮೆಚ್ಚಿದ ದೊಡ್ಡ ಚಿತ್ರದ ಹೊಡೆದಾಟವನ್ನೋ ಮಳೆಯ ದೃಶ್ಯವನ್ನೋ ಹಾಗೆಯೇ ತನ್ನೂರಿಗೆ ತರಲು ಹೊರಡುತ್ತಾನೆ. ಹಣ ಸಾಲದೆ ಅರ್ಧಕ್ಕೆ ನಿಲ್ಲುತ್ತಾನೆ. ಈ ಕಲೆಯಲ್ಲಿ ಮೊದಲಿನವರು ತಮ್ಮ ಗುರುಗಳಿಂದ ಏನನ್ನು ತೆಗೆದುಕೊಂಡರು, ಏನನ್ನು ಬಿಟ್ಟರು ಎಂಬುದನ್ನು ಅವನಿಗೆ ಹೇಳಿದವರು ಕಡಿಮೆ.

ಈ ಪರಂಪರೆಯ ಒಂದು ಕೊಂಡಿಯು ದೂರದಲ್ಲಿಲ್ಲ. ಕೊಲ್ಲಾಪುರದಲ್ಲಿ ಬಾಬೂರಾವ್ ಪೇಂಟರ್ ಎಂಬ ಚಿತ್ರಕಾರರು ಕಟ್ಟಿದ ಮಹಾರಾಷ್ಟ್ರ ಫಿಲ್ಮ್ ಕಂಪನಿಯಲ್ಲಿ ಶಾಂತಾರಾಮ, ದಾಮ್ಲೆ, ಫತ್ತೇಲಾಲ ಮೊದಲಾದವರು ಕೈಕೆಲಸ ಮಾಡುತ್ತ ಮಾಡುತ್ತಲೇ ಕಲಿತರು. ಅಲ್ಲಿ ಪಾಠಪುಸ್ತಕವಿರಲಿಲ್ಲ, ಗುರುವಿನ ಮಗ್ಗುಲಲ್ಲಿ ನಿಂತು ನೋಡುವುದೇ ಪಾಠವಾಗಿತ್ತು. ೧೯೨೯ರಲ್ಲಿ ಆ ಶಿಷ್ಯರು ಪ್ರಭಾತ ಕಂಪನಿಯನ್ನು ಸ್ಥಾಪಿಸಿ, ೧೯೩೩ರಲ್ಲಿ ಅದನ್ನು ಪುಣೆಗೆ ಸಾಗಿಸಿದರು. ಅವರಲ್ಲಿ ದಾಮ್ಲೆ ಮತ್ತು ಫತ್ತೇಲಾಲರು ೧೯೩೬ರಲ್ಲಿ ತೆಗೆದ 'ಸಂತ ತುಕಾರಾಮ'ವು ಇಂದಿಗೂ ಹಳೆಯದಾಗಿಲ್ಲ. ಆ ಸ್ಟುಡಿಯೋದ ಆವರಣದಲ್ಲಿಯೇ ೧೯೬೦ರಲ್ಲಿ ಸರಕಾರದ ಫಿಲ್ಮ್ ಇನ್‌ಸ್ಟಿಟ್ಯೂಟು ಆರಂಭವಾಯಿತು. ೧೮೭೧ರಲ್ಲಿ ರಾಯಚೂರನ್ನು ತಲುಪಿದ ರೈಲುಮಾರ್ಗವು ಕಲಬುರ್ಗಿಯ ಮೇಲೆಯೇ ಹಾಯ್ದು ಹೋಗಿರುವುದರಿಂದ ಈ ಸೀಮೆಯವರಿಗೆ ಬೆಂಗಳೂರಿಗಿಂತ ಪುಣೆಯೇ ಸಮೀಪವೆಂಬುದನ್ನು ವಾಚಕರು ಬಲ್ಲರು.

ಗುರುವು ಕಣ್ಣೆದುರಿಗಿಲ್ಲದಿದ್ದರೆ ಮಾಡತಕ್ಕದ್ದೇನು? ಇದಕ್ಕೆ ಮಾಸ್ಕೋ ನಗರವು ಒಂದು ಉತ್ತರವನ್ನು ಕಂಡುಕೊಂಡಿತು. ಅಲ್ಲಿ ೧೯೧೯ರಲ್ಲಿ ಚಲಚ್ಚಿತ್ರದ ಶಾಲೆಯು ತೆರೆದಾಗ ದೇಶದಲ್ಲಿ ಅಂತಃಕಲಹವಿತ್ತು, ಫಿಲ್ಮು ದೊರೆಯುತ್ತಿರಲಿಲ್ಲ. ಕುಲೆಶೋವ್ ಎಂಬ ತರುಣ ಅಧ್ಯಾಪಕನ ಶಿಷ್ಯರು ಫಿಲ್ಮಿಲ್ಲದೆಯೇ ಚಿತ್ರದ ದೃಶ್ಯಗಳನ್ನು ರಂಗದ ಮೇಲೆ ಆಡಿ ತೋರಿಸಿದರು. ಹಳೆಯ ಚಿತ್ರಗಳನ್ನು ತುಂಡರಿಸಿ ಮರುಜೋಡಿಸಿದರು. ಅಮೆರಿಕದ ಗ್ರಿಫಿತ್ ೧೯೧೬ರಲ್ಲಿ ತೆಗೆದ 'ಇನ್‌ಟಾಲರೆನ್ಸ್' ಅವರ ಪೀಳಿಗೆಗೆ ಪಾಠಪುಸ್ತಕವೇ ಆಯಿತು. ಒಬ್ಬ ನಟನ ನಿರ್ವಿಕಾರ ಮುಖದ ಮುಂದೆ ಅನ್ನದ ತಟ್ಟೆಯನ್ನಿಟ್ಟರೆ ಹಸಿವೂ, ಶವಪೆಟ್ಟಿಗೆಯನ್ನಿಟ್ಟರೆ ಶೋಕವೂ ಕಾಣುವುದೆಂಬ ಪ್ರಸಿದ್ಧ ಪ್ರಯೋಗವು ಕುಲೆಶೋವನ ಹೆಸರಿನಲ್ಲಿಯೇ ಉಳಿದಿದೆ. ಮುಖವು ಅದೇ, ಅರ್ಥವು ಜೋಡಣೆಯಲ್ಲಿ ಹುಟ್ಟಿತು. ಇದಕ್ಕೆ ಕಾಸು ಖರ್ಚಾಗುವುದಿಲ್ಲವೆಂಬುದು ಬಡ ವಿದ್ಯಾರ್ಥಿಗೆ ಸಣ್ಣ ಸಮಾಧಾನವಲ್ಲ.

ಆದರೆ ಈ ವಿಷಯದಲ್ಲಿ ಭಾರತೀಯರಿಗೆ ಹತ್ತಿರವಾದ ಉದಾಹರಣೆಯೆಂದರೆ ಕಲಕತ್ತೆಯ ಸತ್ಯಜಿತ್ ರಾಯ್ ಅವರದು. ಅವರು ಯಾವ ಚಲಚ್ಚಿತ್ರ ಶಾಲೆಯಲ್ಲಿಯೂ ಓದಿದವರಲ್ಲ. ಜಾಹೀರಾತಿನ ಕಚೇರಿಯಲ್ಲಿ ಚಿತ್ರ ಬರೆಯುವ ಕೆಲಸದಲ್ಲಿದ್ದರು. ಆ ದಿನಗಳಲ್ಲಿ ಅವರು ಹವ್ಯಾಸಕ್ಕಾಗಿ ಮಾಡುತ್ತಿದ್ದ ಅಭ್ಯಾಸವೊಂದು ಗಮನಾರ್ಹವಾಗಿದೆ. ಯಾವುದಾದರೂ ಕತೆಯು ಚಿತ್ರವಾಗಲಿದೆಯೆಂಬ ಸುದ್ದಿ ಬಂದರೆ, ಅವರು ಆ ಕತೆಗೆ ತಾವೇ ಮೊದಲು ಚಿತ್ರಕಥೆಯನ್ನು ಬರೆದಿಟ್ಟು, ಚಿತ್ರವು ಬಂದ ಮೇಲೆ ಎರಡನ್ನೂ ಹೋಲಿಸಿ ನೋಡುತ್ತಿದ್ದರು. ಇಲ್ಲಿ ಗುರುವು ಪರೀಕ್ಷಕನಾದನು, ಶಿಷ್ಯನು ನಕಲುಗಾರನಾಗಲಿಲ್ಲ. ಬರಿದೆ ನೋಡಿ ಮೆಚ್ಚುವವನಿಗೂ ತಾನು ಮೊದಲು ಯತ್ನಿಸಿ ಬಳಿಕ ನೋಡುವವನಿಗೂ ಎಷ್ಟೋ ಅಂತರವುಂಟು. ಲೆಕ್ಕವನ್ನು ಬಿಡಿಸದೆಯೇ ಉತ್ತರವನ್ನು ನೋಡಿದ ಹುಡುಗನು ಕಲಿತುದೇನು?

೧೯೪೯ರಲ್ಲಿ ಫ್ರಾನ್ಸಿನ ಜಾನ್ ರೆನ್ವಾರ್ ಬಂಗಾಳಕ್ಕೆ ಬಂದಾಗ ರಾಯ್ ಅವರ ಜೊತೆಗೆ ತಿರುಗಾಡಿದರು. ೧೯೫೦ರಲ್ಲಿ ಕಚೇರಿಯು ಅವರನ್ನು ಲಂಡನ್ನಿಗೆ ಕಳುಹಿಸಿತು. ಅಲ್ಲಿ ಅವರು ಕೆಲವು ತಿಂಗಳುಗಳಲ್ಲಿ ನೂರರ ಸಮೀಪಕ್ಕೆ ಚಿತ್ರಗಳನ್ನು ನೋಡಿದರು. ಇಟಲಿಯ ಡಿ ಸಿಕಾ ತೆಗೆದ 'ಬೈಸಿಕಲ್ ಥೀವ್ಸ್' ಅವರಲ್ಲಿ ಧೈರ್ಯವನ್ನು ತುಂಬಿತು. ಬೀದಿಯಲ್ಲಿ, ವೃತ್ತಿನಟರಲ್ಲದವರಿಂದ, ಸಾಮಾನ್ಯ ಮನುಷ್ಯನ ಕಷ್ಟವನ್ನು ಚಿತ್ರಿಸಬಹುದೆಂಬ ನಿಶ್ಚಯವನ್ನು ಅವರು ಅಲ್ಲಿಂದ ತಂದರು, ಸೈಕಲ್ಲನ್ನು ತರಲಿಲ್ಲ. ಬಂಗಾಳದ ಹಳ್ಳಿ, ಅಕ್ಕ ತಮ್ಮಂದಿರು, ಮುಪ್ಪಿನ ಅತ್ತೆ, ಇವೆಲ್ಲ ಬಿಭೂತಿಭೂಷಣರ ಕಾದಂಬರಿಯಿಂದಲೂ ಆ ನೆಲದಿಂದಲೂ ಬಂದವು. ಪೂರ್ಣವಾದ ಲಿಖಿತ ಚಿತ್ರಕಥೆಗೆ ಬದಲಾಗಿ ದೃಶ್ಯಗಳನ್ನು ಒಂದು ಪುಸ್ತಕದಲ್ಲಿ ಚಿತ್ರಗಳಾಗಿಯೇ ಬರೆದುಕೊಂಡು, ೧೯೫೨ರ ಅಕ್ಟೋಬರದಲ್ಲಿ 'ಪಥೇರ್ ಪಾಂಚಾಲಿ'ಯನ್ನು ಆರಂಭಿಸಿದರು. ಛಾಯಾಗ್ರಾಹಕ ಸುಬ್ರತ ಮಿತ್ರರು ರೆನ್ವಾರರ ಚಿತ್ರೀಕರಣವನ್ನು ನೋಡಿದ್ದರೇ ಹೊರತು ಅದಕ್ಕೆ ಮೊದಲು ಚಲಚ್ಚಿತ್ರದ ಕ್ಯಾಮರಾವನ್ನು ನಡೆಸಿದವರಲ್ಲ. ಅದೇ ಮಿತ್ರರು ೧೯೫೬ರ 'ಅಪರಾಜಿತೋ' ಚಿತ್ರಕ್ಕೆ ಸ್ಟುಡಿಯೋದಲ್ಲಿ ಕಾಶಿಯ ಮನೆಯ ಅಂಗಳವನ್ನು ಕಟ್ಟಿದಾಗ, ಮೇಲೆ ಬಿಳಿಯ ಬಟ್ಟೆಯನ್ನು ಬಿಗಿದು, ದೀಪದ ಬೆಳಕನ್ನು ಅದಕ್ಕೆ ಹೊಡೆಸಿ ಕೆಳಗಿಳಿಸಿದರು. ಮುಗಿಲಿನಿಂದಿಳಿದಂಥ ನೆರಳಿಲ್ಲದ ಬೆಳಕು ಹಾಗೆ ದೊರೆಯಿತು. ಒಂದು ಧೋತರದಿಂದ ಆಗಬಹುದಾದ ಈ ಉಪಾಯವು ಬೆಲೆಬಾಳುವ ಯಂತ್ರಕ್ಕಿಂತ ಹೆಚ್ಚು ಕಾಲ ಉಳಿಯಿತು.

ಪುಣೆಯ ಶಾಲೆಯಲ್ಲಿ ಸತೀಶ ಬಹಾದುರರು ಆ 'ಪಥೇರ್ ಪಾಂಚಾಲಿ'ಯನ್ನೇ ತುಣುಕು ತುಣುಕಾಗಿ ಬಿಡಿಸಿ, ಶಾಸ್ತ್ರಗ್ರಂಥಕ್ಕೆ ಟೀಕೆ ಹೇಳುವಂತೆ ಪಾಠ ಹೇಳಿದರು. ೧೯೬೪ರಲ್ಲಿ ಅದೇ ಊರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಚಿತ್ರಭಂಡಾರವು ದೇಶವಿದೇಶಗಳ ಕೃತಿಗಳನ್ನು ಕೂಡಿಸಿಟ್ಟಿತು. ಮಣಿಪಾಲದಲ್ಲಿ ಔಷಧಶಾಸ್ತ್ರವನ್ನೋದಿದ ಗಿರೀಶ ಕಾಸರವಳ್ಳಿ ಎಂಬ ಮಲೆನಾಡಿನ ತರುಣರು ೧೯೭೦ರ ದಶಕದಲ್ಲಿ ಅಲ್ಲಿಗೆ ಹೋಗಿ, ಜಪಾನಿನ ಓಝು, ಇಟಲಿಯ ಅಂತೋನಿಯೋನಿ, ಬಂಗಾಳದ ರಾಯ್ ಇವರ ಕೃತಿಗಳಿಗೆ ಮನಸೋತರು. ಶಾಲೆಯ ಕೊನೆಯ ಪರೀಕ್ಷೆಗೆಂದು ೧೯೭೫ರಲ್ಲಿ ಅವರು ತೆಗೆದ 'ಅವಶೇಷ' ಎಂಬ ವಿದ್ಯಾರ್ಥಿಚಿತ್ರಕ್ಕೆ ರಾಷ್ಟ್ರಪತಿಗಳ ರಜತಕಮಲವು ದೊರೆಯಿತು. ಅದೇ ಸುಮಾರಿಗೆ ಬಿ. ವಿ. ಕಾರಂತರ 'ಚೋಮನ ದುಡಿ'ಯಲ್ಲಿ ಸಹಾಯಕರಾಗಿಯೂ ದುಡಿದರು. ಎರಡೇ ವರುಷಗಳಲ್ಲಿ, ೧೯೭೭ರಲ್ಲಿ, ಅನಂತಮೂರ್ತಿಯವರ ಕತೆಯನ್ನಾಧರಿಸಿದ 'ಘಟಶ್ರಾದ್ಧ' ಬಂದು ಸ್ವರ್ಣಕಮಲವನ್ನು ಪಡೆಯಿತು.

ಈ ಚಿತ್ರದಲ್ಲಿ ಗುರುಗಳ ಕುರುಹು ಎಲ್ಲಿದೆ? ವಿಧವೆ ಯಮುನಕ್ಕನ ದುರಂತವನ್ನು ವೇದ ಕಲಿಯಬಂದ ನಾಣಿಯೆಂಬ ಬಾಲಕನ ಕಣ್ಣುಗಳಿಂದ ಕಾಣಿಸಿರುವುದನ್ನು ನೋಡಿದರೆ ರಾಯ್ ಅವರ ಅಪು ನೆನಪಾಗದಿರನು. ಆದರೆ ಅಪುವಿನ ಕಣ್ಣುಗಳಲ್ಲಿ ಬೆರಗು ಹೆಚ್ಚು. ನಾಣಿಯ ಕಣ್ಣುಗಳಲ್ಲಿ ಭಯವೂ, ತನಗೆ ತಿಳಿಯದ ಅನ್ಯಾಯವೊಂದು ನಡೆಯುತ್ತಿದೆಯೆಂಬ ತಲ್ಲಣವೂ ತುಂಬಿವೆ. ಜೀವಂತಳಾದ ಹೆಣ್ಣಿಗೆ ಶ್ರಾದ್ಧ ಮಾಡುವ ಅಗ್ರಹಾರವನ್ನು ಯಾವ ಓಝುವೂ ಕಲಿಸಿಕೊಡಲಾರನು. ನಿಲುವು ಗುರುವಿನದು, ನೆಲವು ತಮ್ಮದು. ಇದನ್ನು ಅನುಕರಣವೆನ್ನುವವರು ಕುಮಾರವ್ಯಾಸನನ್ನೂ ಅನುಕರಣಕಾರನೆನ್ನಬೇಕಾದೀತು.

ಇಂಥ ಪಾಠವು ಪಟ್ಟಣದವರಿಗೆ ಮಾತ್ರ ಮೀಸಲೆಂಬ ಮಾತನ್ನು ಹೆಗ್ಗೋಡಿನ ನೀನಾಸಮ್ ಸುಳ್ಳಾಗಿಸಿತು. ಕೆ. ವಿ. ಸುಬ್ಬಣ್ಣನವರು ೧೯೭೦ರ ದಶಕದಲ್ಲಿ ಅಡಕೆ ಬೆಳೆಯುವ ಹಳ್ಳಿಗರ ಎದುರಿಗೆ ರಾಯ್, ಡಿ ಸಿಕಾ ಮೊದಲಾದವರ ಚಿತ್ರಗಳನ್ನಿಟ್ಟರು. ಜನರು ಕುಳಿತು ನೋಡಿದರು, ಚರ್ಚಿಸಿದರು.

ಇತ್ತೀಚಿನ ನಿದರ್ಶನವೂ ಒಂದುಂಟು. ವೈದ್ಯಶಾಸ್ತ್ರವನ್ನೋದಿ ಪುಣೆಯ ಅದೇ ಶಾಲೆಯನ್ನು ಸೇರಿದ ಚಿದಾನಂದ ಎಸ್. ನಾಯ್ಕರ 'ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ' ಎಂಬ ಕನ್ನಡ ಕಿರುಚಿತ್ರಕ್ಕೆ ೨೦೨೪ರ ಮೇ ತಿಂಗಳಲ್ಲಿ ಫ್ರಾನ್ಸಿನ ಕಾನ್ ಉತ್ಸವದ ವಿದ್ಯಾರ್ಥಿ ವಿಭಾಗದ ಪ್ರಥಮ ಪಾರಿತೋಷಕವು ಬಂದಿತು. ಹದಿನಾರು ನಿಮಿಷಗಳ ಚಿತ್ರ. ನಾಲ್ಕು ದಿನಗಳ ಚಿತ್ರೀಕರಣ. ಮುದುಕಿಯೊಬ್ಬಳು ಹುಂಜವನ್ನು ಕದ್ದೊಯ್ಯಲು ಊರಿಗೆ ಬೆಳಗೇ ಆಗದಂತಾಗುವುದು. ಅಜ್ಜಿಯ ಕೋಳಿಯ ಕತೆಯನ್ನು ಕೇಳದ ಕನ್ನಡದ ಮನೆ ಯಾವುದು? ಮನೆಯ ಕತೆಯಲ್ಲಿ ಅಜ್ಜಿಯು ಮುನಿದು ಹೋದರೂ ಸೂರ್ಯನು ಹುಟ್ಟುತ್ತಾನೆ, ಕೇಳಿದವರು ನಗುತ್ತಾರೆ. ಚಿತ್ರದಲ್ಲಿ ಅವಳ ನಂಬಿಕೆಯೇ ನಿಜವಾಗಿ ಕತ್ತಲು ಕವಿಯುವುದು. ಒಂದೇ ಒಂದು ತಿರುವಿನಿಂದ, ಎಲ್ಲರೂ ಬಲ್ಲ ಕತೆಯು ಯಾರೂ ಕಾಣದ ಚಿತ್ರವಾಯಿತು.

ಈಗ ಆಳಂದದ ಅಥವಾ ಜೇವರ್ಗಿಯ ವಿದ್ಯಾರ್ಥಿಯ ಯೋಜನೆಗೆ ಬರೋಣ. ಅವನು ಮೆಚ್ಚಿದ ಚಿತ್ರದ ಒಂದೇ ದೃಶ್ಯವನ್ನು ಆರಿಸಿಕೊಂಡು, ಧ್ವನಿಯನ್ನು ನಿಲ್ಲಿಸಿ ನೋಡಿ, ಪ್ರತಿಯೊಂದು ತುಣುಕನ್ನೂ ಕಾಗದದ ಮೇಲೆ ಗೀಚಿಕೊಳ್ಳಬಹುದು. ಕ್ಯಾಮರಾವು ಅಲ್ಲಿಯೇ ಏಕೆ ನಿಂತಿತು, ಯಾವ ಕೊರತೆಯು ನಿರ್ದೇಶಕನನ್ನು ಆ ಉಪಾಯಕ್ಕೆ ನೂಕಿತು ಎಂದು ಕೇಳಿಕೊಳ್ಳಬಹುದು. ಬಳಿಕ ಪುಸ್ತಕವನ್ನು ಮುಚ್ಚಿ ಹೊಲಕ್ಕೆ ಹೋಗಬೇಕು. ರಾಯ್ ಅವರ ಮೊದಲ ದಿನದ ಚಿತ್ರೀಕರಣವು ಕಾಶಹುಲ್ಲಿನ ಬಿಳಿಯ ಹೂಗಳ ಬಯಲಿನಲ್ಲಿ ನಡೆಯಿತು. ರಜೆಯ ದಿನವಷ್ಟೇ ಕೆಲಸ ಮಾಡುತ್ತಿದ್ದ ಅವರು ಮರುವಾರ ಬಂದು ನೋಡುವಷ್ಟರಲ್ಲಿ ಹೂಗಳನ್ನೆಲ್ಲ ದನಗಳು ಮೇಯ್ದಿದ್ದವು, ದೃಶ್ಯವನ್ನು ಮುಗಿಸಲು ಮುಂದಿನ ಹೂಗಾಲದವರೆಗೆ ಕಾಯಬೇಕಾಯಿತು. ಕಾಲೇಜಿನ ವರ್ಷಕ್ಕೆ ಕಟ್ಟುಬಿದ್ದವನು ಹಾಗೆ ಕಾಯಲಾರನು. ಅಫಜಲಪುರದ ಹೊಲದಲ್ಲಿ ತೊಗರಿಯ ಹಳದಿ ಹೂವು ಬೇಕೆಂದರೆ ಅವನು ಸುಗ್ಗಿಗೆ ಬಹು ಮೊದಲೇ, ದೀಪಾವಳಿಯ ಸುಮಾರಿಗೆ, ಕ್ಯಾಮರಾ ಹಿಡಿದು ಅಲ್ಲಿರಬೇಕು. ಪುಷ್ಯಮಾಸದಲ್ಲಿ ಹೋದರೆ ಅವನಿಗೆ ಕಾಣುವುದು ಕೊಯ್ದ ಕೂಳೆ ಮಾತ್ರ.